ಅಮ್ಮ ಕೂತ ಮುಖಗಳು

ಮಾರ್ಚ್ 9

ಚರ್ಚಿನ ಮಹಿಳಾ ಸಂಘದಲ್ಲಿ ಇವತ್ತು ನನ್ನ ಭಾಷಣವಿತ್ತು. ಅಧ್ಯಕ್ಷರ ಚುನಾವಣೆಗಳಲ್ಲಿ ಉತ್ತರ ಪ್ರಾಂತ್ಯ ಯಾವಾಗ ಯಾರ ಕಡೆಗಿತ್ತು, ಯಾಕೆ ಹೊರಳಿತು ಎಂಬುದನ್ನು ಹೇಳಿ ಅಂದಿದ್ದರು. ಇತಿಹಾಸ ಕಲಿಸುವವಳು, ಒಪ್ಪಿಕೊಂಡೆ. ಚೆನ್ನಾಗಿಯೇ ಮಾತಾಡಿದೆ ಅನ್ನಿಸುತ್ತದೆ. ಹಾಗನ್ನಿಸಿದಾಗಲೆಲ್ಲ ನನಗೆ ನನ್ನ ಮೇಲೆ ಸ್ವಲ್ಪ ಅನುಮಾನ.

ಹೇಳಿದ್ದು ಇಷ್ಟು. ಮುದುಕ ಆಜೀವ ಅಧ್ಯಕ್ಷನಾಗಿದ್ದ ಕಾಲದಲ್ಲಿ ಇದ್ದದ್ದೇ ಒಂದು ಪಕ್ಷ, ಆಯ್ಕೆಯ ಮಾತೇ ಇರಲಿಲ್ಲ. ಹಲವು ಪಕ್ಷಗಳು ಬಂದ ಮೊದಲ ಚುನಾವಣೆಯಲ್ಲಿ ಉತ್ತರದವರು ಹೆಚ್ಚುಕಡಿಮೆ ಒಬ್ಬರೂ ತಪ್ಪದೆ ದೀಪದ ಪಕ್ಷಕ್ಕೆ ಹಾಕಿದರು. ಅದರ ನಾಯಕ ಈ ಬೆಟ್ಟಗಳ ಮಗ. ಅವನು ಸೋತ. ಮುಂದಿನ ಸಲ ಅವನೇ, ತನ್ನವರನ್ನೆಲ್ಲ ಜೈಲಿಗೆ ತಳ್ಳಿದ್ದ ಮುದುಕನ ಪಕ್ಷದ ಜೊತೆ ಕೈ ಜೋಡಿಸಿದ. ಉತ್ತರದವರು ಅದಕ್ಕೂ ಹಾಕಿದರು. ದೀಪ ಆರಿದ ಮೇಲೆ ಕೆಲವು ವರ್ಷ ಅಲ್ಲಿಷ್ಟು ಇಲ್ಲಿಷ್ಟು ಚದುರಿದರು. ಹೋದ ಸಲ ದೋಣಿ ಪಕ್ಷದ ಅಧ್ಯಕ್ಷ ಸರೋವರದವರೆಗೆ ಡಾಂಬರು ರಸ್ತೆ ಹಾಕಿಸಿದ, ಗೊಬ್ಬರ ಕೊಟ್ಟ. ದಕ್ಷಿಣದವನಾದರೂ ಇಡೀ ಉತ್ತರ ಅವನ ಕಡೆ ವಾಲಿತು. ಆಮೇಲೆ ಅವನು ವಿಶ್ವವಿದ್ಯಾಲಯದ ಸೀಟುಗಳನ್ನು ಜಿಲ್ಲೆಗಿಷ್ಟು ಎಂದು ಹಂಚಿದ, ತನ್ನ ಉಪಾಧ್ಯಕ್ಷನನ್ನು ಹೊರಗೆ ಹಾಕಿದ. ಈಗ ಉತ್ತರದವರು ಆ ಉಪಾಧ್ಯಕ್ಷನ ಡೋಲು ಪಕ್ಷದ ಕಡೆ ಹೊರಳುತ್ತಿದ್ದಾರೆ. ‘ಭಾವನೆಯಿಂದ ವಿವೇಚನೆಯ ಕಡೆಗೆ ಸಾಗಿದ ಮತದಾರ’ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು.

ಮನೆಗೆ ಬಂದು ಸಿಮಾ ಮುದ್ದೆ, ಉಸಿಪಾ ಮೀನು ಬಡಿಸಿಕೊಂಡು ಅಮ್ಮನಿಗೆ ಅದೆಲ್ಲ ಹೇಳಿದೆ. ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಕೇಳುವಾಗ ಮುಖವನ್ನು ಗೋಡೆ ಕಡೆ ತಿರುಗಿಸಿಕೊಳ್ಳುತ್ತಾಳೆ.

"ಎಲ್ಲಾ ಸರಿ ಹೇಳಿದ್ದೀಯ ಮಗಳೇ. ನಾನೊಬ್ಬಳು ಬಿಟ್ಟುಹೋದೆ ಅಷ್ಟೇ. ಇವರೆಲ್ಲರ ಮುಂದೂ ಕುಣಿದೋಳು ನಾನಲ್ವಾ?"

ನಿಜ. ಇಲ್ಲಿ ಯಾವ ನಾಯಕ ಬಂದರೂ ಹೆಂಗಸರು ಸಾಲುಗಟ್ಟಿ ಕುಣಿಯಬೇಕು, ಅವನ ಮುಖ ಅಚ್ಚಾದ ಚಿತೆಂಜೆಯನ್ನು ಸೊಂಟಕ್ಕೆ ಸುತ್ತಿಕೊಂಡು. ಅಮ್ಮನ ತಗಡಿನ ಪೆಟ್ಟಿಗೆಯ ತಳದಲ್ಲಿ ಮುದುಕ, ಅವನ ಮೇಲೆ ದೀಪ, ಅದರ ಮೇಲೆ ನೇರಳೆ ಬಣ್ಣದ ದೋಣಿ.

"ಒಂದು ಗುಟ್ಟು ಹೇಳ್ಲಾ? ಮುಖ ಹಿಂದಕ್ಕೆ ಬರೋ ಹಾಗೆ ಕಟ್ತಿದ್ದೆ. ಕುಣಿದು ಸುಸ್ತಾದ್ರೆ ಅದರ ಮೇಲೇ ಕೂರ್ತಿದ್ದೆ. ಈ ದೇಶದ ಒಬ್ಬ ಅಧ್ಯಕ್ಷನನ್ನೂ ಬಿಟ್ಟಿಲ್ಲ ನಾನು, ಎಲ್ಲರ ಮೇಲೂ ಕೂತಿದ್ದೀನಿ."

ಲೂಸುಂಗು ನಕ್ಕು ನಕ್ಕು ಚಹಾ ಚೆಲ್ಲಿದಳು. ಮಗಳು ಹೀಗೆ ನಕ್ಕು ತಿಂಗಳುಗಳಾಗಿದ್ದವು. ಒಳ್ಳೆಯ ಅಂಕ ಬಂದರೂ ನಮ್ಮ ಜಿಲ್ಲೆಯ ಪಾಲು ಮುಗಿದಿದೆ ಎಂದು ಸೀಟು ಸಿಗದೆ ಮನೆಯಲ್ಲಿ ಕೂತಿದ್ದಾಳೆ.

ನನಗೆ ನಗು ಬರಲಿಲ್ಲ. "ನಾನಂತೂ ಯಾವ ರಾಜಕಾರಣಿಯ ಮುಖವನ್ನೂ ಮೈಮೇಲೆ ಹಾಕ್ಕೊಂಡಿಲ್ಲಪ್ಪ" ಅಂದೆ.

"ಮೈಮೇಲೆ ಹಾಕ್ಕೊಂಡಿಲ್ಲ, ಮತ ಹಾಕಿದ್ದೆ. ಹೋದ ಸಲ ದೋಣಿಗೇ ತಾನೆ?" ಅಂದಳು ಲೂಸುಂಗು.

ಅದೂ ನಿಜ. ವಿವೇಚನೆಯಿಂದಲೇ ಹಾಕಿದ್ದೆ ಅಂದುಕೊಂಡಿದ್ದೆ.

ಮಾರ್ಚ್ 22

ಮೀನು ಮಾರುವ ಹೆಂಗಸು ಓಡಿ ಬಂದು ಹೇಳಿದಳು. ಮಾರುಕಟ್ಟೆಯ ಮುಂದೆ ಲೂಸುಂಗು ಮತ್ತು ಅವಳ ನಾಲ್ಕು ಜನ ಗೆಳೆಯರು ಸೀಟು ಹಂಚಿಕೆಯ ವಿರುದ್ಧ ಕೂಗುತ್ತಾ ದೋಣಿ ಪಕ್ಷದ ಚಿತೆಂಜೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರಂತೆ. ಪೊಲೀಸರು ಎಲ್ಲರನ್ನೂ ಎತ್ತಿಕೊಂಡು ಹೋದರಂತೆ.

ಠಾಣೆಗೆ ಓಡಿದೆ. ಅಧಿಕಾರಿ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತ, ಕುರ್ಚಿ ಕೊಟ್ಟ.

"ಬರೀ ಬಟ್ಟೆ ಸುಟ್ಟಿದ್ರೆ ಬೈದು ಕಳಿಸ್ತಿದ್ವಿ ಮೇಡಂ. ಮುಖ ಸುಟ್ಟಿದ್ದಾಳೆ."

"ಅದು ಬಟ್ಟೆಯ ಮೇಲಿನ ಚಿತ್ರ ಕಣಪ್ಪ."

"ಕಾನೂನಲ್ಲಿ ಅದು ಅಧ್ಯಕ್ಷರೇ. ರಾಷ್ಟ್ರದ ಮುಖ್ಯಸ್ಥರಿಗೆ ಅವಮಾನ ಅಂತ ಕೇಸು. ನಾನೇನು ಮಾಡ್ಲಿ ಹೇಳಿ?"

ಮಗಳನ್ನು ನೋಡಲು ಬಿಡಲಿಲ್ಲ.

ಅಮ್ಮ ಪೆಟ್ಟಿಗೆಯ ಮುಂದೆ ಕೂತು ಬಟ್ಟೆಗಳ ಅಂಚನ್ನು ಬೆರಳಲ್ಲಿ ಸವರುತ್ತಿದ್ದಳು. "ಈ ಸಲ ಹೊಸದಾಗಿ ಕೊಟ್ಟಿದ್ರಲ್ಲ, ಅದನ್ನೇ ತಗೊಂಡು ಹೋಗಿದ್ದಾಳೆ. ಮುದುಕನದನ್ನ ಸುಟ್ಟಿದ್ರೆ ಯಾರು ಕೇಳ್ತಿದ್ರು?" ಅಂದಳು. ಆಮೇಲೆ ಅತ್ತಳು. ಅವಳು ಅಳುವುದನ್ನು ಅಪ್ಪ ಸತ್ತಾಗ ನೋಡಿದ್ದೆ, ಮತ್ತೆ ಈಗ.

ಮಾರ್ಚ್ 26

ನಗರದ ಸೆರೆಮನೆಗೆ ಸಾಗಿಸಿದ್ದಾರೆ. ಮಿನಿಬಸ್ಸಿನಲ್ಲಿ ಡಬ್ಬಿ ಹಿಡಿದು ಹೋದೆ. ಕಾವಲಿನವನು ಮುದ್ದೆಯನ್ನು ಕಡ್ಡಿಯಿಂದ ಚುಚ್ಚಿ ನೋಡಿ ಒಳಗೆ ಕಳಿಸಿದ. ಡಬ್ಬಿ ಖಾಲಿಯಾಗಿ ಹಿಂದೆ ಬಂತು. ತಿಂದವಳು ಅವಳೇ ಎಂದು ಹೇಗೆ ನಂಬಲಿ?

ಮಾರ್ಚ್ 31

ಇವತ್ತು ನ್ಯಾಯಾಲಯದಲ್ಲಿ ಹಾಜರು ಮಾಡಬೇಕಿತ್ತು. ಮಾಡಲಿಲ್ಲ. ಸೆರೆಮನೆಯ ಗಾಡಿಗೆ ಡೀಸೆಲ್ ಇಲ್ಲವಂತೆ. ವಕೀಲರು ಹೊಸ ದಿನಾಂಕ ತೆಗೆದುಕೊಂಡರು. ಗಾಡಿಗೆ ಡೀಸೆಲ್ ಇಲ್ಲದಿದ್ದರೆ ಒಬ್ಬಳ ಸ್ವಾತಂತ್ರ್ಯ ಮುಂದಕ್ಕೆ ಹೋಗುವುದು ಯಾವ ಸಂವಿಧಾನದಲ್ಲಿದೆ ಎಂದು ಕೇಳಬೇಕೆನ್ನಿಸಿತು. ಎಂಟನೇ ತರಗತಿಗೆ ಸಂವಿಧಾನ ಕಲಿಸುವವಳು ನಾನೇ.

ಏಪ್ರಿಲ್ 8

ಉಳಿದ ನಾಲ್ವರೂ ಬಿಡುಗಡೆಯಾದರು. ಒಬ್ಬನ ಅಪ್ಪ ದೋಣಿ ಪಕ್ಷದಲ್ಲಿದ್ದಾನೆ, ಒಬ್ಬಳ ಚಿಕ್ಕಪ್ಪ ಸೈನ್ಯದಲ್ಲಿ. ಇನ್ನಿಬ್ಬರಿಗೆ ಯಾರು ಇದ್ದರೋ. ಎಲ್ಲರೂ ಒಂದೇ ಮಾತು ಬರೆದುಕೊಟ್ಟಿದ್ದಾರಂತೆ: ಬಟ್ಟೆ ತಂದವಳು ಲೂಸುಂಗು, ಕಡ್ಡಿ ಗೀರಿದವಳೂ ಅವಳೇ.

ನಿಜವೂ ಇರಬಹುದು. ನನ್ನ ಮಗಳು ಕಡ್ಡಿಯನ್ನು ಇನ್ನೊಬ್ಬರ ಕೈಗೆ ಕೊಡುವವಳಲ್ಲ.

ಏಪ್ರಿಲ್ 11

ಗಾಡಿಗೆ ಡೀಸೆಲ್ ಇತ್ತು. ಮ್ಯಾಜಿಸ್ಟ್ರೇಟರು ಇರಲಿಲ್ಲ.

ಏಪ್ರಿಲ್ 15

ಐದು ನಿಮಿಷ ನೋಡಲು ಬಿಟ್ಟರು. ತಲೆ ಬೋಳಿಸಿದ್ದಾರೆ. ಬೆರಳ ಸಂದಿಯಲ್ಲಿ ಕಜ್ಜಿ. ಮಲಗಲು ಜಾಗ ಸಾಲದೆ ಎಲ್ಲರೂ ಒಂದೇ ಮಗ್ಗುಲಲ್ಲಿ ಮಲಗುತ್ತಾರಂತೆ, ಒಬ್ಬಳು ಕೂಗಿದಾಗ ಎಲ್ಲರೂ ಒಟ್ಟಿಗೆ ಹೊರಳಬೇಕಂತೆ.

"ನಿನ್ನ ಉತ್ತರ ಪ್ರಾಂತ್ಯದ ಥರ" ಅಂದಳು. ನಗಿಸಲು ನೋಡಿದಳು ಪಾಪ. ಆಮೇಲೆ ಕೆಮ್ಮಿದಳು, ತುಂಬ ಹೊತ್ತು. ಕೆಮ್ಮುತ್ತಲೇ ಒಳಗೆ ಹೋದಳು.

ಈ ಸಾಲು ಬರೆಯುವಾಗಲೂ ಆ ಕೆಮ್ಮು ಕೇಳುತ್ತಿದೆ.

ಏಪ್ರಿಲ್ 19

ನ್ಯಾಮ್ಸಿಸ್ಕಾ ಮನೆಗೆ ಹೋಗಿದ್ದೆ. ಬೋಮಾದಲ್ಲಿ, ಅಂದರೆ ನಮ್ಮ ಜಿಲ್ಲಾ ಕೇಂದ್ರದಲ್ಲಿ, ದೋಣಿ ಪಕ್ಷದ ಹೆಂಗಸರಿಗೆ ಅವಳೇ ಮುಖಂಡಳು, ಹಿಂದೆ ಅಮ್ಮನ ಕೈಕೆಳಗೆ ಕುಣಿತ ಕಲಿತವಳು. ಇಷ್ಟು ವರ್ಷ ಅವಳನ್ನು ಕಂಡರೆ ದೂರದಿಂದ ತಲೆಯಾಡಿಸಿ ಹೋಗುತ್ತಿದ್ದೆ. ಇವತ್ತು ಅಂಗಳದಲ್ಲಿ ಮಂಡಿಯೂರಿದೆ, ಸೊಸೆ ಅತ್ತೆಯ ಮುಂದೆ ಊರುವಂತೆ.

"ಅಯ್ಯೋ ಏಳಿ ಮೇಡಂ, ಏನಿದು, ಅಕ್ಕಪಕ್ಕದೋರು ನೋಡ್ತಾರೆ" ಅಂದಳು. ಆದರೆ ಕೈ ಹಿಡಿದು ಎಬ್ಬಿಸಲಿಲ್ಲ. ಅಕ್ಕಪಕ್ಕದವರು ನೋಡಲಿ ಎಂದೇ ಇದ್ದಳೇನೋ. ನಾನು ಅವಳ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆನೇ ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ.

"ಪೊಲೀಸ್ನೋರು, ವಕೀಲರು ಇವರೆಲ್ಲ ದಾರಿಯಲ್ಲ ನ್ಯಾಗೊಂದ್ವೆ" ಅಂದಳು. ಮೇಡಂ ಬಿಟ್ಟು ಕುಲದ ಹೆಸರು ಹಿಡಿದಿದ್ದಳು. "ಮುಂದಿನ ಶನಿವಾರ ನಮ್ಮ ಪ್ರಾಂತ್ಯಕ್ಕೆಲ್ಲ ಪಕ್ಷದ ಮುಖ್ಯಸ್ಥರು, ಗವರ್ನರು ಜೊಲೊಕೆರೆ ಸಾಹೇಬರು ಮೈದಾನಕ್ಕೆ ಬರ್ತಾರೆ. ಉತ್ತರ ಕೈ ಬಿಡ್ತಿದೆ ಅಂತ ಅವರಿಗೂ ನಿದ್ದೆ ಇಲ್ಲ. ಓದಿದ ಹೆಂಗಸರೂ ನಮ್ಮ ಜೊತೆ ಕುಣೀತಾರೆ ಅಂತ ಅವರಿಗೆ ಕಾಣಿಸ್ಬೇಕು. ನೀನು ಮೊದಲನೇ ಸಾಲಲ್ಲಿ ನಿಂತ್ಕೋ. ಕುಣಿತ ಮುಗಿದ ಮೇಲೆ ಕೇಳ್ಕೋ. ಕೇಳೋದಕ್ಕೆ ದಾರಿ ನಾನು ಮಾಡ್ತೀನಿ."

"ನನಗೆ ಕುಣಿಯಕ್ಕೆ ಬರಲ್ಲ."

"ನಮಗೆಲ್ಲ ಕಲಿಸಿದ ನ್ಯಾಹರಾವಾ ಮಗಳಿಗೆ ಕುಣಿತ ಬರಲ್ವಂತೆ! ಚಿತೆಂಜೆ ಇದೆಯಾ?"

"ಅಮ್ಮನ ಪೆಟ್ಟಿಗೇಲಿ ದೋಣೀದು ಇನ್ನೊಂದಿದೆ."

"ಸದ್ಯ. ನನ್ನ ಹತ್ರ ಒಂದೂ ಉಳಿದಿಲ್ಲ."

ಏಪ್ರಿಲ್ 26

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಕರೆಂಟ್ ಇರಲಿಲ್ಲ. ಅಮ್ಮ ಮಲಗಿದ್ದಳು. ಅವಳನ್ನು ಎಬ್ಬಿಸಿ ಕೇಳಬಹುದಿತ್ತು. ನಾಚಿಕೆಯಾಯಿತು. ಪೆಟ್ಟಿಗೆಯಿಂದ ನೇರಳೆ ಚಿತೆಂಜೆ ತೆಗೆದುಕೊಂಡು ಮಿನಿಬಸ್ಸಿನಲ್ಲೇ ಸೊಂಟಕ್ಕೆ ಸುತ್ತಿದೆ. ಅಧ್ಯಕ್ಷರ ಮುಖ ಮುಂದೆ ಸರಿಯಾಗಿ ಕಾಣಲಿ ಎಂದು ನೆರಿಗೆ ತಿದ್ದಿಕೊಂಡೆ. ಹಿಂದೆ ಏನು ಬಂದಿದೆ ಎಂದು ನೋಡಿಕೊಳ್ಳಲಿಲ್ಲ. ನನಗೆ ಆ ಬಟ್ಟೆಗಳೆಲ್ಲ ಯಾವತ್ತೂ ಒಂದೇ.

ಕುಣಿತ ನನಗೆ ಬಂತು. ಅದನ್ನು ಬರೆಯಲು ಕಷ್ಟವಾಗುತ್ತಿದೆ. ಚಿಕ್ಕವಳಿದ್ದಾಗ ಅಮ್ಮನ ಚಿತೆಂಜೆಯ ಅಂಚು ಹಿಡಿದು ನಿಂತ ಸಾಲುಗಳೆಲ್ಲ ಕಾಲಿನಲ್ಲಿ ಉಳಿದಿದ್ದವು. ನ್ಯಾಮ್ಸಿಸ್ಕಾ ನಾಲಗೆ ಕುಣಿಸಿ ಕೂಗಿದಳು. "ನೋಡ್ರೇ ಮೇಡಮ್ಮನ್ನ!" ಎಂದು ಯಾರೋ ಕಿರುಚಿದರು. ಗವರ್ನರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಪದ್ಧತಿಯಂತೆ ಸಾಲು ಒಮ್ಮೆ ತಿರುಗಬೇಕು. ತಿರುಗಿದೆವು. ನನ್ನ ಹಿಂಭಾಗ ವೇದಿಕೆಯ ಕಡೆಗಾಯಿತು.

ಚಪ್ಪಾಳೆ ನಿಂತಿತು. ಮೊದಲು ಪಕ್ಕದವಳದು, ಆಮೇಲೆ ಎಲ್ಲರದು.

"ಯಾರವಳು? ಆ ದ್ರೋಹಿ ಮುಖ ಹೊತ್ಕೊಂಡು ಇಲ್ಲಿಗೆ ಬಂದಿರೋಳು ಯಾರು?" ವೇದಿಕೆಯಿಂದ ಯಾರೋ ಗುಡುಗಿದರು.

ಆಗ ಹೊಳೆಯಿತು. ಅದು ಹೋದ ಚುನಾವಣೆಯ ಬಟ್ಟೆ. ಅದರಲ್ಲಿ ಇಬ್ಬರಿದ್ದರು: ಅಧ್ಯಕ್ಷರು ಮತ್ತು ಅವರ ಆಗಿನ ಜೊತೆಗಾರ, ಈಗಿನ ಡೋಲು ಪಕ್ಷದ ನಾಯಕ. ಈ ಊರಿನ ಎಂಥ ದಡ್ಡ ಹುಡುಗಿಗೂ ಆ ವ್ಯತ್ಯಾಸ ಗೊತ್ತು. ಹೊಸ ಬಟ್ಟೆಯನ್ನು ಲೂಸುಂಗು ಸುಟ್ಟಿದ್ದಳು, ಹಳೆಯದನ್ನು ನಾನು ಸುತ್ತಿಕೊಂಡು ಬಂದಿದ್ದೆ.

ಇಬ್ಬರು ಹುಡುಗರು ನನ್ನ ಕಡೆ ಬರತೊಡಗಿದರು. ನ್ಯಾಮ್ಸಿಸ್ಕಾ ಬೇರೆ ಕಡೆ ನೋಡುತ್ತಿದ್ದಳು. ಮಗಳ ಕೆಮ್ಮು ಕೇಳಿಸಿತು. ನಿಜವಾಗಿ ಕೇಳಿಸಿತು.

ನಾನು ಕೂತೆ. ಮಳೆ ನಿಂತ ನೆಲ, ಕೆಂಪು ಕೆಸರು. ಇದ್ದ ಹಾಗೆ ಧೊಪ್ಪನೆ ಕೂತೆ.

"ಇವನನ್ನ ಹೊತ್ಕೊಂಡು ಬಂದಿಲ್ಲ ಸಾಹೇಬ್ರೇ! ಕೂತ್ಕೊಳ್ಳೋಕೆ ತಂದೆ. ನೆಲ ಒದ್ದೆ ಇತ್ತು!"

ನನ್ನ ದನಿಯೇ ಅದು. ಆಮೇಲೆ ಮೈದಾನಕ್ಕೆ ಮೈದಾನವೇ ನಗತೊಡಗಿತು. "ಇನ್ನೂ ಒರೆಸು! ಚೆನ್ನಾಗಿ ಒರೆಸು!" ಎಂದು ಕೂಗಿದರು. ನಾನು ಒರೆಸಿದೆ. ಸೊಂಟ ತಿರುಗಿಸಿ ತಿರುಗಿಸಿ, ಡೋಲಿನ ತಾಳಕ್ಕೆ ಸರಿಯಾಗಿ. ಮುಂದಿನ ತಿಂಗಳು ಯಾವ ಮನುಷ್ಯನಿಗೆ ಮತ ಹಾಕಬೇಕೆಂದು ಯೋಚಿಸಿ ತೀರ್ಮಾನಿಸಿದ್ದೆನೋ, ಅವನ ಮುಖವನ್ನು ಕೆಸರಿಗೆ ಉಜ್ಜಿದೆ.

ಗವರ್ನರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಹತ್ತಿರ ಕರೆದರು. ಕೆಸರಲ್ಲೇ ಮಂಡಿಯೂರಿ ಮಗಳ ಹೆಸರು ಹೇಳಿದೆ.

"ಇಂಥಾ ತಾಯಿಗೆ ಅಂಥಾ ಮಗಳೇ? ನೋಡೋಣ, ನೋಡೋಣ" ಅಂದರು.

ಎರಡು ಸಲ ಅಂದರು. ಅದು ಒಳ್ಳೆಯದೋ ಕೆಟ್ಟದ್ದೋ?

ಏಪ್ರಿಲ್ 28

ನಾನು ಕೂತದ್ದು ಎಲ್ಲರ ಫೋನಿನಲ್ಲೂ ಇದೆ. ಶಾಲೆಯ ಗೇಟಿನಲ್ಲಿ ಹುಡುಗರು ನನ್ನನ್ನು ಕಂಡು ಒಬ್ಬರ ಹಿಂದೊಬ್ಬರು ಕೂತರು. ಮುಖ್ಯೋಪಾಧ್ಯಾಯರು ಕೆಲವು ದಿನ ರಜೆ ಹಾಕಿ ಅಂದರು.

ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಬಟ್ಟೆ ತೊಳೆದ್ಯಾ? ಕೆಮ್ಮಣ್ಣು ಹಾಗೇ ಬಿಟ್ರೆ ಹೋಗಲ್ಲ" ಅಂದಳು.

ಮೇ 1

ಏನೂ ಇಲ್ಲ. ನೋಡೋಣ ಅಂದವರು ನೋಡಿಲ್ಲ. ಹಾಗಾದರೆ ನಾನು ಕೂತದ್ದು ಯಾತಕ್ಕೆ?

ಮೇ 4

ಬಿಟ್ಟರು. ಕಾರಣ ಹೇಳಲಿಲ್ಲ, ಕಾಗದವನ್ನೂ ಕೊಡಲಿಲ್ಲ. ಒಂದು ಚಿಕ್ಕ ಬಾಗಿಲು ತೆಗೆದು ಹೊರಗೆ ಬಿಟ್ಟರು.

ಜಿಟಿಜಿಟಿ ಮಳೆ, ಚಳಿ. ಲೂಸುಂಗು ಹೋದ ದಿನದ ತೆಳು ಅಂಗಿಯಲ್ಲೇ ನಡುಗುತ್ತಿದ್ದಳು. ನಾನು ಮೈಮೇಲಿದ್ದ ಶಾಲು ತೆಗೆದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕಾವಲಿನವಳು ಫೋನಲ್ಲಿ ತೋರಿಸಿದ್ಲು. ಒಳಗಿರೋರೆಲ್ಲ ಸುತ್ತ ಕೂತು ನೋಡಿದ್ವಿ."

"ಲೂಸು..."

"ಅವನು ಗೆಲ್ಲಲಿ ಅಂತ ನಾನು ಬೆಂಕಿ ಹಚ್ಚಿದೆ. ನೀನು ಹೋಗಿ ಅವನ ಮೇಲೇ ಕೂತೆ."

"ನೀನು ಹೊರಗೆ ಬಂದೆಯಲ್ಲಾ."

"ನಾನು ಕೇಳಿರ್ಲಿಲ್ಲ."

ಮಿನಿಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಕೆಮ್ಮಿದಾಗಲೆಲ್ಲ ಬಸ್ಸಿನವರು ಅವಳ ಕಡೆ ತಿರುಗಿ ನೋಡಿದರು. ನಾನು ಕಿಟಕಿಯ ಕಡೆ ನೋಡುತ್ತಾ ಆ ಕೆಮ್ಮನ್ನು ಕೇಳಿದೆ. ಅದು ನನ್ನ ಜೊತೆ ಅದೇ ಬಸ್ಸಿನಲ್ಲಿತ್ತು. ನನಗೆ ಅಷ್ಟು ಸಾಕಿತ್ತು. ಸಾಕಿರಬಾರದಿತ್ತೇನೋ.

ಮೇ 20

ಮತದಾನ. ಅಮ್ಮನ ಕೈ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಲೂಸುಂಗು ಬೇಕೆಂದೇ ಹಿಂದೆ ದೂರದಲ್ಲಿ ನಿಂತಿದ್ದಳು.

"ಮೇಡಂ, ನಿಂತ್ಕೊಂಡು ಹಾಕ್ತೀರೋ ಕೂತ್ಕೊಂಡು ಹಾಕ್ತೀರೋ?" ಹಿಂದಿನಿಂದ ಒಬ್ಬ ಕೇಳಿದ. ಸಾಲು ನಕ್ಕಿತು.

ಅಮ್ಮ ದನಿ ಬಂದ ಕಡೆ ತಿರುಗಿದಳು. "ನೀನು ಮುಂದೆ ಬಾ ಮಗನೇ, ನಿನ್ನ ಮುಖ ಎಷ್ಟು ಅಗಲ ಇದೆ ಮುಟ್ಟಿ ನೋಡ್ತೀನಿ. ಕೂರಕ್ಕಾಗತ್ತಾ ಅಂತ." ಈ ಸಲ ಸಾಲು ಅವನನ್ನು ನೋಡಿ ನಕ್ಕಿತು.

ನಾನು ಡೋಲಿಗೇ ಹಾಕಿದೆ. ಹೇಳಿದರೆ ಯಾರೂ ನಂಬುವುದಿಲ್ಲ.

ಹಿಂದಿರುಗುವಾಗ ಅಮ್ಮನನ್ನು ಕೇಳಿದೆ, ಯಾರಿಗೆ ಹಾಕಿದೆ ಅಂತ.

"ನಿಮ್ಮಪ್ಪನಿಗೇ ಹೇಳಿಲ್ಲ, ನಿನಗೆ ಹೇಳ್ತೀನಾ?"

"ಯಾರ ಮುಂದೆ ಕುಣಿದೆಯೋ ಅವರಿಗೆಲ್ಲ ಹಾಕಿದ್ದೀಯ ಅಂದುಕೊಂಡಿದ್ದೆ."

"ಯಾರು ಹೇಳಿದ್ರು? ಕುಣಿದಿದ್ದು ನೀವು ಬದುಕಲಿ ಅಂತ. ನಮ್ಮನೆ ಪಕ್ಕದೋಳು ಕುಣಿಯಲ್ಲ ಅಂದಿದ್ದಕ್ಕೆ ಮುದುಕನ ಕಾಲದಲ್ಲಿ ಅವಳ ಗಂಡ ಏನಾದ? ನೀನು ಭಾಷಣದಲ್ಲಿ ಅದನ್ನ ಹೇಳಿದ್ಯಾ?"

ಹೇಳಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. ಕೇಳಿಯೂ ಇರಲಿಲ್ಲ.

ಮೇ 25

ಡೋಲು ಗೆದ್ದಿತು. ಉತ್ತರ ಪೂರ್ತಿ, ಮಧ್ಯದಲ್ಲಿ ಅರ್ಧ, ಅಷ್ಟು ಸಾಕಾಯಿತು. ಬೀದಿಯಲ್ಲಿ ಕೊಡ, ತಟ್ಟೆ, ಮುಚ್ಚಳ, ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದಾರೆ. ಲೂಸುಂಗು ಬೋಳು ತಲೆಗೆ ಬಟ್ಟೆ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಕುಣಿಯುತ್ತಿದ್ದಳು. ಅಮ್ಮನ ಕುಣಿತವೇ, ಆ ಭುಜ, ಆ ಹಿಮ್ಮಡಿ. ಜನ ಅವಳನ್ನು ಹೆಗಲ ಮೇಲೆ ಎತ್ತಿಕೊಂಡರು. ಮುಖ ಸುಟ್ಟ ಹುಡುಗಿ ಎಂದು ಈಗ ಅವಳಿಗೆ ಹೆಸರು.

ನಾನು ಕಿಟಕಿಯಿಂದ ನೋಡಿದೆ. ಸಂತೋಷಪಡಬೇಕಿತ್ತು.

ಜೂನ್ 2

ಮಹಿಳಾ ಸಂಘದವರು ಬಂದಿದ್ದರು. ಈ ಸಲದ ಫಲಿತಾಂಶ ಸೇರಿಸಿ ಇನ್ನೊಮ್ಮೆ ಮಾತಾಡಿ ಅಂದರು. ಒಲ್ಲೆ ಅಂದೆ. ಏನು ಹೇಳಲಿ? ನಾವು ಹೆದರಿದೆವು, ನಂಬಿದೆವು, ಮತ್ತೆ ಹೆದರಿದೆವು. ಅದಕ್ಕೆ ಅರ್ಧ ಗಂಟೆ ಯಾಕೆ ಬೇಕು?

ಜೂನ್ 14

ಮೈದಾನದಲ್ಲಿ ಧನ್ಯವಾದದ ಸಭೆ. ವೇದಿಕೆಯ ಮೇಲೆ ಜೊಲೊಕೆರೆ ಸಾಹೇಬರೇ ಕೂತಿದ್ದರು, ಡೋಲು ಪಕ್ಷದ ಇಟ್ಟಿಗೆ ಬಣ್ಣದ ಅಂಗಿಯಲ್ಲಿ. ಮೈಮೇಲಿನ ಬಟ್ಟೆ ಹೊಸದು, ಮುಂದಕ್ಕೆ ಬಾಗಿ ನೋಡುವ ರೀತಿ ಹಳೆಯದು. ಹೆಂಗಸರಿಗೆ ಹೊಸ ಚಿತೆಂಜೆ ಹಂಚುತ್ತಿದ್ದವಳು ನ್ಯಾಮ್ಸಿಸ್ಕಾ.

ಅವಳು ನನ್ನನ್ನು ನೋಡಿ ಸ್ವಲ್ಪವೂ ತಡವರಿಸಲಿಲ್ಲ. "ಬಾ ನ್ಯಾಗೊಂದ್ವೆ, ಈ ಸಲ ನೀನು ಕೂರಬೇಡಮ್ಮ" ಎಂದು ನಕ್ಕಳು. ನಾನೂ ನಕ್ಕೆ.

ಲೂಸುಂಗು ತನ್ನದನ್ನು ಆಗಲೇ ಸುತ್ತಿಕೊಂಡಿದ್ದಳು. ಮುಖ ಎದುರಿಗೇ ಬರುವ ಹಾಗೆ, ಇಸ್ತ್ರಿ ಮಾಡಿ. ಅವಳು ನಂಬಿದ್ದಾಳೆ. ಸೀಟು ಸಿಗುತ್ತದೆ ಎಂದು ಅವಳಿಗೆ ಮಾತು ಕೊಟ್ಟಿದ್ದಾರೆ. ಸಿಗಲಿ, ಸಿಗಬೇಕು. ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ. ಆದರೆ ನಾನು ಸಾಲಿನಲ್ಲಿ ನಿಂತದ್ದನ್ನು ನೋಡಿ, ಕುಣಿಯುತ್ತಲೇ, ಅವಳ ಮುಖದಲ್ಲಿ ಒಂದು ಮೆದುತನ ಬಂತು. ನಾನೂ ಅವರ ಕಡೆ ಬಂದೆ ಅಂದುಕೊಂಡಳೇನೋ. ಅಂದುಕೊಳ್ಳಲಿ.

"ಅಮ್ಮನಿಗೂ ಒಂದು ಕೊಡು" ಅಂದೆ ನ್ಯಾಮ್ಸಿಸ್ಕಾಗೆ. ಕೊಟ್ಟಳು. "ಇನ್ನೊಂದು ಕೊಡು."

"ಯಾರಿಗೇ?"

"ಇರಲಿ."

ಮನೆಗೆ ಬಂದು ಪೆಟ್ಟಿಗೆ ತೆರೆದೆ. ಅಮ್ಮ ಪಕ್ಕದಲ್ಲಿ ಕೂತು ಹೊಸ ಬಟ್ಟೆಯ ಅಂಚನ್ನು ಸವರಿ ನೋಡಿದಳು, ದಪ್ಪ ಪರವಾಗಿಲ್ಲ ಅಂದಳು. ತೊಳೆದಿಟ್ಟ ನೇರಳೆ ಬಟ್ಟೆಯಲ್ಲಿ ಕೆಮ್ಮಣ್ಣಿನ ಕಲೆ ಇನ್ನೂ ಇತ್ತು. ಅದನ್ನು ತಳಕ್ಕೆ, ಮುದುಕನ ಪಕ್ಕಕ್ಕೆ ಇಟ್ಟೆ.

ಹೊಸದನ್ನು ಇಡುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಬಿಚ್ಚಿ ನೋಡಿದೆ, ಹಿಂದೆ, ಮುಂದೆ, ಮಡಿಕೆಯ ಒಳಗೆ.

ಹೊರಗೆ ಲೂಸುಂಗು ಹಾಡುತ್ತಾ ಬರುತ್ತಿದ್ದಳು. ಕೆಮ್ಮು ಬಂದು ಹಾಡು ನಿಂತಿತು, ಮತ್ತೆ ಶುರುವಾಯಿತು.

"ಎಷ್ಟು ಮುಖ ಇದೆ?" ಅಮ್ಮ ಕೇಳಿದಳು.

"ಎರಡು" ಅಂದೆ.